ಭಾಂಡೆ ತೊಳೆದ ನೀರು ಕೇಳುತ್ತಿದ್ದ ಮಿಲಿಂದಣ್ಣ

ಮಿಲಿಂದಣ್ಣ ಯಾರ ಮನೆಗೆ ಹೋದರೂ ಚಹಾಕ್ಕಿಂತ ಮೊದಲು ಭಾಂಡೆ-ಪಾತ್ರೆ ತೊಳೆದ ನೀರು ಕೇಳುತ್ತಿದ್ದರು. ಬೈಕಿನ ಎರಡೂ ಬದಿಗೆ ಪ್ಲಾಸ್ಟಿಕ್ ಕ್ಯಾನು, ಕೊರಳಲ್ಲಿ ಟವೆಲ್, ನಡಿಗೆಯಲ್ಲಿ ಬೀಗರ ಮನೆಗೆ ಬಂದವರ ಠೀವಿ.

ಊರು ಭಾಲ್ಕಿ ಕಡೆಯ ಮೆಹಕರ. ಕೆಲಸ ಔರಾದ ಸುತ್ತಲಿನ ಮೊಬೈಲ್ ಟವರ್‌ಗಳನ್ನು ನೋಡಿಕೊಳ್ಳುವುದು. ನಾನು ಅಲ್ಲಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ ನರ್ಸ್. ಎರಡು ವರ್ಷ ಮಳೆಯಿಲ್ಲದೆ ಅರ್ಧ ಊರು ಹೈದರಾಬಾದಿಗೆ ಗುಳೆ ಹೋಗಿತ್ತು. ಉಳಿದವರಿಗೆ ಗಂಡನ, ಮಗನ ದನಿ ಕೇಳಿಸುತ್ತಿದ್ದುದು ಆ ಊರಿನ ಟವರಿನಿಂದಲೇ.

ಟವರಿನ ಬುಡದಲ್ಲಿ ಸಿಡಿಲನ್ನು ನೆಲಕ್ಕಿಳಿಸುವ ಗುಂಡಿಯೊಂದಿತ್ತು. ಅದರ ಮಣ್ಣು ಹಸಿಯಿದ್ದರೆ ಸಿಡಿಲು ಭೂಮಿಗೆ ಇಳಿಯುತ್ತದೆ. ಒಣಗಿದರೆ ಯಂತ್ರವನ್ನೇ ಸುಡುತ್ತದೆ. ಟ್ಯಾಂಕರ್ ಕಾಯುವ ಊರಿನಲ್ಲಿ ಕುಡಿಯುವ ನೀರನ್ನು ಗುಂಡಿಗೆ ಸುರಿಯಲು ಅವರಿಗೆ ಮನಸ್ಸು ಬರಲಿಲ್ಲ. ಅದಕ್ಕೇ ಈ ಭಿಕ್ಷೆ. ತಾವಂತೂ ಗುಂಡಿಯ ಪಕ್ಕದಲ್ಲೇ ಕುಳಿತು ಸ್ನಾನ ಮಾಡುತ್ತಿದ್ದರು. ನೋಡಿ ನಕ್ಕಿದ್ದೆ, ಈಗ ನಾಚಿಕೆಯಾಗುತ್ತದೆ.

ಮಗನನ್ನು ಹೈದರಾಬಾದಿಗೆ ದುಡಿಯಲು ಕಳಿಸಿದ್ದ ಕಾಶೀಬಾಯಿ ಒಮ್ಮೆ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಎಮ್ಮಿ ಬಾಯಿ ಬಿಡ್ಲತ್ತದ, ನೀ ಕಬ್ಬಿಣಕ್ಕ ನೀರ ಕುಡಸ್ತಿ?"

ಮಿಲಿಂದಣ್ಣ ಸಿಟ್ಟಾಗಲಿಲ್ಲ. "ಇಂದ ಎಮ್ಮಿಗಿ ಕೊಡ್ರಿ ಅವ್ವಾ, ನಾಳಿ ನನಗ ಕೊಡ್ರಿ. ಭೂಮಿ ಒಣಗಿದ್ರ ಸಿಡಿಲ ನಿಮ್ಮ ಮಗನ ಫೋನೇ ಕಡೀತದ್ರಿ."

ಗೊಣಗುತ್ತಲೇ ಮರುದಿನ ಕೊಟ್ಟಳು. ಆಮೇಲೆ ಮನೆಮನೆಗೂ ಪಾಳಿ ಬಂತು.

ಆ ಬೇಸಿಗೆಯ ಒಂದು ಮಧ್ಯಾಹ್ನ ಆಲಿಕಲ್ಲು ಸುರಿದು, ಸಿಡಿಲು ಟವರಿಗೇ ಬಡಿಯಿತು. ಅದೇ ಹೊತ್ತಿಗೆ ಕಾಶೀಬಾಯಿಯ ಸೊಸೆಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಆಕೆಯ ಗಂಡ ಹೈದರಾಬಾದಿನಲ್ಲಿ. ನಾನು ದೇವರನ್ನು ನೆನೆದು ಫೋನು ತೆಗೆದೆ. ಸಿಗ್ನಲ್ ಇತ್ತು. ಔರಾದದಿಂದ ಆಂಬುಲೆನ್ಸ್ ಬಂತು, ತಾಯಿ ಮಗು ಇಬ್ಬರೂ ಉಳಿದರು. ನೀರು ಕೊಡಲೊಲ್ಲದ ಪಕ್ಕದ ಊರಿನ ಟವರ್ ಸುಟ್ಟು ಕೂತಿತ್ತು.

ಮರುದಿನ ಮಿಲಿಂದಣ್ಣನಿಗೆ ಕೈ ಮುಗಿದೆ. "ನಾ ಏನ್ ಮಾಡೀನ್ರಿ ಸಿಸ್ಟರ್? ಸಿಡಿಲಿಗಿ ಭೂಮಿ ನುಂಗ್ಯಾದ," ಎಂದು ಕ್ಯಾನು ಹಿಡಿದು ಹೊರಟರು.

ಹೋದ ಬೇಸಿಗೆಯಲ್ಲಿ ಬೀದರಿನ ನೌಬಾದ ಬಡಾವಣೆಯ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಸುದ್ದಿ ಫೋನಿನಲ್ಲೇ ಬಂತು. ಅತ್ತು, ಬಕೆಟ್ಟು ಹಿಡಿದು ಟವರಿಗೆ ಹೋದರೆ ಕಾಶೀಬಾಯಿ ಆಗಲೇ ತನ್ನ ಪಾಳಿಯ ನೀರು ಸುರಿದು ನಿಂತಿದ್ದಳು. ವಿಷಯ ತಿಳಿಸಿದೆ. ಸೀದಾ ಮನೆಗೆ ಹೋದಳು, ಇನ್ನೊಂದು ಬಕೆಟ್ಟು ತಂದು ಅದನ್ನೂ ಗುಂಡಿಗೆ ಸುರಿದಳು.

"ಎಮ್ಮಿಗಿ ನಾಳಿ ಕೊಡ್ತೀನ್ರಿ," ಎಂದಳು.