ಸೀಮೆಸುಣ್ಣದ ಐದು ಚೌಕಗಳು

ಮಾರ್ವಾ ಅವರಿಗೆ ಆ ಮಳಿಗೆ ಸಿಗದಂತೆ ಮಾಡಿದವನು ನಾನು. ಅವರ ಎದುರಿಗೇ ನಿಂತು, ಕನ್ನಡದಲ್ಲಿ.

ಪರದೇಶದ ಈ ಎಟೋಬಿಕೋಕ್‌ನಲ್ಲಿ, ಸಾಲು ಅಂಗಡಿಗಳ ಒಂದು ಪ್ಲಾಜಾದಲ್ಲಿ ನಾನು ದೋಸೆ ಹಿಟ್ಟು, ಚಟ್ನಿಪುಡಿ ಮಾರುತ್ತೇನೆ. ಪಕ್ಕದ ಮಳಿಗೆ ಖಾಲಿಯಿತ್ತು. ಅದನ್ನು ಕೇಳಿಕೊಂಡು ಮಾರ್ವಾ ಬಂದರು — ಜಮೈಕಾದಿಂದ ಬಂದು, ಇಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ಕಪ್ಪು ಜನ ತಮ್ಮದೇ ಅಂಗಡಿ ಇಡಬೇಕು, ತಮ್ಮ ಮಕ್ಕಳಿಗೆ ತಾವೇ ಕೆಲಸ ಕೊಡಬೇಕು, ಯಾರ ಬಾಗಿಲಲ್ಲೂ ಕಾಯಬಾರದು — ಇದನ್ನು ಚರ್ಚಿನಲ್ಲಿ, ಬಸ್‌ಸ್ಟಾಪಿನಲ್ಲಿ, ನನ್ನ ಕೌಂಟರಿನ ಮುಂದೆ ಹೇಳುತ್ತಲೇ ಇದ್ದರು. ಒಂದೇ ಸೂರಿನಡಿ ಐದು ಸಣ್ಣ ವ್ಯಾಪಾರ ಶುರುಮಾಡಿಸುವುದು ಅವರ ಆಸೆ.

ಮಳಿಗೆ ನೋಡಲು ಬಂದ ದಿನ ಅವರು ನೆಲದ ಮೇಲೆ ಸೀಮೆಸುಣ್ಣದಿಂದ ಐದು ಚೌಕ ಎಳೆದರು. ಬ್ರೆಡ್ಡು ಇಲ್ಲಿ, ಹೊಲಿಗೆ ಅಲ್ಲಿ, ಕೂದಲಿನ ಎಣ್ಣೆ ಆ ಮೂಲೆಯಲ್ಲಿ... ಪ್ಲಾಜಾ ನೋಡಿಕೊಳ್ಳುವ ಶೆಟ್ಟರೂ ನಾನೂ ಉಡುಪಿ ಕಡೆಯವರು. ಹೊಸಬರಿಗೆ ಕೊಡುವ ಮೊದಲು ಪಕ್ಕದ ಅಂಗಡಿಯವರನ್ನು ಒಂದು ಮಾತು ಕೇಳುವುದು ಅವರ ಪದ್ಧತಿ. ಗುಟ್ಟು ಮಾತಾಡಲು ನಾವು ದೂರ ಹೋಗುವುದಿಲ್ಲ — ಭಾಷೆ ಬದಲಿಸಿದರೆ ಸಾಕಲ್ಲ.

"ಎಂತ ರಾಯ್ರೆ, ಕೊಡುದಾ?"

"ಬೇಡ ಮಾರಾಯ್ರೆ. ಇವ್ರು ಬಂದ್ರೆ ನಮ್ಮ ಜನ ಬರುದು ನಿಲ್ಸ್ತಾರೆ."

ಹೇಳುವಾಗ ನಾನು ನಗುತ್ತಿದ್ದೆ, ಮಾರ್ವಾಗೆ ಅನುಮಾನ ಬಾರದಿರಲೆಂದು. ನಮ್ಮ ಜನ ಯಾರೂ ನನ್ನ ಹತ್ತಿರ ಹಾಗೆ ಹೇಳಿರಲಿಲ್ಲ. ಆ ಮಾತು ಪೂರ್ತಿ ನನ್ನದೇ.

ಮಳಿಗೆ ಕೊಡಲಾಗುವುದಿಲ್ಲ ಎಂದು ಶೆಟ್ಟರು ತಿಳಿಸಿದ ಮೇಲೆ ಮಾರ್ವಾ ನನ್ನಲ್ಲಿಗೆ ಬಂದು, ಅವತ್ತು ಅವರಿಗೆ ಏನು ಹೇಳಿದಿರಿ ಎಂದು ಕೇಳಿದರು. ನಿಮಗೇ ಕೊಡಬೇಕೆಂದು ಹೇಳಿದೆ ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಮುಂದಿನ ವಾರದಿಂದ ಅವರ ಜನ ನನ್ನ ಅಂಗಡಿಗೆ ಬರತೊಡಗಿದರು. ದೂರದ ಊರುಗಳಾದ ಒಶಾವಾದಿಂದ, ಬರ್ಲಿಂಗ್ಟನ್‌ನಿಂದ, ದೋಸೆ ಎಂದರೇನೆಂದು ತಿಳಿಯದವರು. ನೀವು ನಮ್ಮ ಪರ ಮಾತಾಡಿದಿರಂತೆ, ಎನ್ನುತ್ತಿದ್ದರು. ಬೇರೆ ಬೇರೆ ಮುಖ, ಬೇರೆ ಬೇರೆ ದನಿ, ಅದೇ ವಾಕ್ಯ — ಆರು ವರ್ಷ. ಕಳೆದ ಚಳಿಗಾಲದಲ್ಲಿ ಮಾರ್ವಾ ತೀರಿಕೊಂಡರು. ವಾಕ್ಯ ನಿಲ್ಲಲಿಲ್ಲ.

ಪಕ್ಕದ ಮಳಿಗೆ ಆ ಆರು ವರ್ಷವೂ ಖಾಲಿ. ಮಾರ್ವಾ ತೀರಿಕೊಂಡ ತಿಂಗಳಲ್ಲೇ, ನೀರಿನ ಪೈಪು ಸೋರುತ್ತಿದೆಯೇ ನೋಡಿ ಎಂದು ಶೆಟ್ಟರು ನನಗೆ ಕೀ ಕೊಟ್ಟರು. ಮಧ್ಯಾಹ್ನ, ಒಳ್ಳೆಯ ಬಿಸಿಲು. ಕಂಡದ್ದನ್ನಷ್ಟೇ ಬರೆಯುತ್ತೇನೆ. ನೆಲದ ತುಂಬ ದಟ್ಟ ಧೂಳು. ಅದರ ಮೇಲೆ ನನ್ನದಲ್ಲದೆ ಬೇರೆ ಹೆಜ್ಜೆ ಇರಲಿಲ್ಲ. ಸೀಮೆಸುಣ್ಣದ ಗೆರೆಗಳು ಹಾಗೇ ಇದ್ದವು. ಗೆರೆಗಳ ಒಳಗೆ ಧೂಳಿರಲಿಲ್ಲ — ಐದೂ ಚೌಕಗಳಲ್ಲಿ. ಯಾರೋ ಬೆಳಿಗ್ಗೆಯೇ ಗುಡಿಸಿಟ್ಟು ವ್ಯಾಪಾರಕ್ಕೆ ಕಾದಂತೆ. ಕಾರಣ ಏನಿರಬಹುದು ಎಂದು ಬಹಳ ಯೋಚಿಸಿದ್ದೇನೆ. ಇರಬಹುದು... ಪೈಪು ಹಿಂದಿನ ಗೋಡೆಯಲ್ಲಿತ್ತು. ನೇರ ನಡೆದರೆ ಎಂಟು ಹೆಜ್ಜೆ. ನಾನು ಗೋಡೆಗೆ ಅಂಟಿಕೊಂಡು ಸುತ್ತಿ ಹೋದೆ, ಸುತ್ತಿಯೇ ಬಂದೆ.

ಮೊನ್ನೆ ಮಾರ್ವಾ ಅವರ ಮಗಳು ಡೆನೀಸ್ ಬಂದರು. ತಾಯಿ ಬಯಸಿದ್ದ ಐದು ಅಂಗಡಿಗಳಿಗೆ ಒಶಾವಾದಲ್ಲಿ ಕಟ್ಟಡ ಸಿಕ್ಕಿದೆಯಂತೆ. ಅಲ್ಲಿನ ಅಡುಗೆಮನೆಗೆ ನನ್ನ ಹೆಸರಿಡಬೇಕೆಂದು ತಾಯಿ ಬರೆದಿಟ್ಟಿದ್ದಾರಂತೆ. ಭಾನುವಾರ ಬೋರ್ಡು ಹಾಕುತ್ತಾರೆ.

ಆಗ ಹೇಳಿದೆ. ಎಲ್ಲವನ್ನೂ.

ಅವರು ಅಳಲಿಲ್ಲ, ಬೈಯಲಿಲ್ಲ. ಫೋನು ಕೌಂಟರಿನ ಮೇಲಿಟ್ಟು, ಅವತ್ತಿನ ಮಾತನ್ನು ಅದೇ ಭಾಷೆಯಲ್ಲಿ ಹೇಳಿ ಎಂದರು. ಹೇಳಿದೆ. ಇನ್ನೊಮ್ಮೆ, ನಿಧಾನವಾಗಿ ಎಂದರು. ಆಮೇಲೆ ಇಂಗ್ಲಿಷಿನಲ್ಲಿ. ರೆಕಾರ್ಡಿಂಗ್ ನಿಲ್ಲಿಸಿ, "ಭಾನುವಾರ ಬನ್ನಿ. ಇದನ್ನೇ ಎಲ್ಲರ ಮುಂದೆ ನೀವೇ ಹೇಳಿ," ಎಂದು ಹೊರಟುಹೋದರು.

ಹೋಗುತ್ತೇನೆ. ಭಯಪಟ್ಟೆ ಎಂದಾಗಲಿ, ತಿಳಿಯದೆ ಅಂದೆ ಎಂದಾಗಲಿ ಹೇಳುವುದಿಲ್ಲ. ಹೇಳಿ ಮುಗಿಸಿದ ಮೇಲೂ ಅಲ್ಲೇ ನಿಂತಿರುತ್ತೇನೆ — ಅವರಲ್ಲಿ ಯಾರಿಗಾದರೂ ನನ್ನನ್ನು ಕೇಳುವುದಿದ್ದರೆ.