ಕದಿರೇಶನ ಶನಿವಾರದ ಒಪ್ಪತ್ತು

ಮಾಲೂರಿನ ಹೊರಗೆ ನಿಂತುಹೋದ ಹೆಂಚಿನ ಕಾರ್ಖಾನೆಯೊಂದಿತ್ತು. ಅದರ ಗೋಡೌನಿಗೆ 2004ರಲ್ಲಿ ಬೆಂಗಳೂರಿನಿಂದ ಮೂವರು ವಿಜ್ಞಾನಿಗಳು ಸದ್ದುಗದ್ದಲವಿಲ್ಲದ ಜಾಗ ಹುಡುಕಿಕೊಂಡು ಬಂದರು: ಭೌತಶಾಸ್ತ್ರದ ಸಂಕರ್ಷಣ, ಲೋಹಶಾಸ್ತ್ರದ ಚಿತ್ರಾ, ಎಂಜಿನಿಯರ್ ಉಮಾಶಂಕರ್. ಕ್ವಾಂಟಮ್ ಕಂಪ್ಯೂಟರಿಗೆ ಬೇಕಾದ ಚಿಪ್ ಮಾಡುವುದು ಅವರ ಕೆಲಸ. ಆ ಚಿಪ್ಪಿನ ನಖರಾ ಒಂದೆರಡಲ್ಲ. ಮಂಜುಗಡ್ಡೆಯೇ ನಡುಗುವಂಥ ಚಳಿಯಲ್ಲಿಡಬೇಕು. ಚೂರು ಅಲುಗಿದರೂ ಮಾಡುತ್ತಿದ್ದ ಲೆಕ್ಕ ಮರೆತುಬಿಡುತ್ತದೆ.

ಚಳಿ ಹುಟ್ಟಿಸುವ ಯಂತ್ರಕ್ಕೆ ಗೋಡೆಯಾಚೆ ಒಂದು ಪಂಪು, ಅಲ್ಲಿಂದ ಒಳಕ್ಕೆ ಒಂದು ಕೊಳವೆ. ಅದನ್ನು ನೋಡಿಕೊಳ್ಳುತ್ತಿದ್ದವನು ಹಳೇ ಕಾರ್ಖಾನೆಯ ಫಿಟ್ಟರ್ ಕದಿರೇಶ. ಎರಡು ವರ್ಷವಾದರೂ ದಿನಗೂಲಿ. ಅವನ ಕೆಲಸ ಖಾಯಂ ಆಗಲೆಂದು ಹೆಂಡತಿ ಮುನಿಯಲ್ಲಮ್ಮ ವೆಂಕಟರಮಣನಿಗೆ ಹರಕೆ ಹೊತ್ತಳು: ಅದಾಗುವತನಕ ಪ್ರತಿ ಶನಿವಾರ ಒಪ್ಪತ್ತು, ರಾತ್ರಿ ಮಾತ್ರ ಊಟ. ಹರಕೆ ಹೊತ್ತವಳು ಅವಳು, ಹಸಿದುಕೊಂಡಿರಬೇಕಾದವನು ಇವನು!

ಹೀಗಿರುವಾಗ ಹೊಸ ಪೀಡೆಯೊಂದು ಗಂಟುಬಿತ್ತು. ಬೆಳಿಗ್ಗೆ ಹನ್ನೊಂದಾಯಿತೆಂದರೆ ಚಿಪ್ಪಿನ ಸ್ಥಿತಿ ತೋರಿಸುವ ಪರದೆಯ ಮೇಲಿನ ಗೆರೆ ಎಗರಾಡತೊಡಗುತ್ತಿತ್ತು. ಮಧ್ಯಾಹ್ನ ಒಂದಕ್ಕೆ ತಾನೇ ಸುಮ್ಮನಾಗುತ್ತಿತ್ತು. ಚಿತ್ರಾಳ ಲೋಹವೇ ಕಳಪೆ ಎಂದ ಸಂಕರ್ಷಣ. ಉಮಾಶಂಕರನ ವೈರಿಂಗ್ ನೋಡಿಕೊಳ್ಳಿ ಮೊದಲು ಎಂದಳು ಚಿತ್ರಾ. ಸಂಕರ್ಷಣನ ಗಣಿತಕ್ಕೆ ತಲೆಬುಡವಿಲ್ಲ ಎಂದ ಉಮಾಶಂಕರ್. ಮೂರು ಶಾಸ್ತ್ರಗಳು ಕೂಡಿ ದುಡಿಯಲೆಂದು ಕಟ್ಟಿದ ತಂಡದಲ್ಲಿ ಮೂವರೂ ಬೇರೆ ಬೇರೆ ಫ್ಲಾಸ್ಕಿನಲ್ಲಿ ಕಾಫಿ ತರತೊಡಗಿದರು. ಮೂರನೇ ತಿಂಗಳಿಗೆ ಚಿತ್ರಾ ರಾಜೀನಾಮೆ ಬರೆಯಲು ಕೂತಳು.

ಅಂದು ಸಂಕರ್ಷಣ ಗೆರೆ ಎಗರಿದ ದಿನಗಳಿಗೆಲ್ಲ ಕೆಂಪು ಗುರುತು ಹಾಕಿದ ಕ್ಯಾಲೆಂಡರನ್ನು ಕದಿರೇಶನ ಕೈಗಿತ್ತು, ಗೋಡೆಗೆ ತಗುಲಿಸು ಎಂದ.

"ಶನಿವಾರ ಮಾತ್ರ ಸುಮ್ನಿರುತ್ತೆ ನೋಡೋ. ಯಾಕಂತ ಆ ದೇವರಿಗೇ ಗೊತ್ತು."

ದೇವರಿಗೆ ಗೊತ್ತಿತ್ತು, ಈಗ ಕದಿರೇಶನಿಗೂ ಗೊತ್ತಾಯಿತು. ಪಂಪಿನ ಮೈ ಸದಾ ಬಿಸಿ. ಮುದ್ದೆ ಆರಿ ಕಲ್ಲಾಗದಿರಲೆಂದು ಅವನು ಮೂರು ತಿಂಗಳಿಂದ ದಿನಾ ಹನ್ನೊಂದಕ್ಕೆ ಸ್ಟೀಲ್ ಡಬ್ಬಿಯನ್ನು ಪಂಪಿಗೂ ಕೊಳವೆಗೂ ನಡುವೆ ಒತ್ತರಿಸಿ ಇಡುತ್ತಿದ್ದ, ಒಂದಕ್ಕೆ ತೆಗೆದು ಉಣ್ಣುತ್ತಿದ್ದ. ಪಂಪಿನ ನಡುಕ ಡಬ್ಬಿ ಹತ್ತಿ, ಕೊಳವೆ ಹಿಡಿದು ನೇರವಾಗಿ ಚಿಪ್ಪಿಗೆ ಹೋಗುತ್ತಿತ್ತು.

ಹೇಳಿದರೆ ಕೆಲಸ ಹೋಯಿತು. ಹೇಳದಿದ್ದರೆ ಚಿತ್ರಮ್ಮ ಹೋಗುತ್ತಾರೆ. ಅವನಿಗೆ ತಡೆಯಲಾಗಲಿಲ್ಲ.

"ಮೇಡಂ, ಬರೀಬ್ಯಾಡಿ. ಅದು ನಿಮ್ ಲೋಹಾನೂ ಅಲ್ಲ, ಸಾಹೇಬ್ರ ವೈರೂ ಅಲ್ಲ. ನನ್ ಮುದ್ದೆ!"

ಮೂವರೂ ಪಂಪಿನ ಕೋಣೆಗೆ ಓಡಿದರು. ಡಬ್ಬಿ ಇಟ್ಟರೆ ಗೆರೆ ಎಗರಿತು, ತೆಗೆದರೆ ಮಲಗಿತು. ನಂಬಿಕೆ ಸಾಲದೆ ಏಳು ಸಲ ಇಟ್ಟು ತೆಗೆದರು. ಕೊನೆಗೆ ಉಮಾಶಂಕರ್ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಸಂಜೆ ಸಂಕರ್ಷಣ ನಗದೆ ಒಂದು ಲಕೋಟೆ ಕೊಟ್ಟ. ಒಳಗೆ ಇಂಗ್ಲಿಷ್ ಕಾಗದ, ಕೆಳಗೆ ಮೂವರ ಸಹಿ. ಅವರು ಒಂದೇ ಕಾಗದಕ್ಕೆ ಸಹಿ ಹಾಕಿದ್ದನ್ನು ಕದಿರೇಶ ಈವರೆಗೆ ಕಂಡಿರಲಿಲ್ಲ. ನನ್ನನ್ನು ಓಡಿಸಲು ಒಂದಾಗಿದ್ದಾರೆ ಎಂದುಕೊಂಡ.

ಮನೆಯಲ್ಲಿ ಮುಖ ನೋಡಿದೊಡನೆ ಮುನಿಯಲ್ಲಮ್ಮನಿಗೆ ಗಾಬರಿ. "ಏನಾಯ್ತು? ಯಾಕಂಗೆ ಕೂತಿದ್ದೀಯ?"

ಅವನು ಕಾಗದವನ್ನು ಹೈಸ್ಕೂಲಿನ ಮಗಳು ಶ್ರೀವಾಣಿಯ ಕೈಗಿಟ್ಟ. ಅವಳು ತಡವರಿಸುತ್ತ ಅರ್ಥ ಹೇಳಿದಳು: "ಪಂಪನ್ನ ಅಡುಗೆಗೆ ಬಳಸಬಾರದಂತೆ. ಊಟ ಬಿಸಿ ಮಾಡೋಕೆ ಕರೆಂಟ್ ಪೆಟ್ಟಿಗೆ ಕೊಡಿಸ್ತಾರಂತೆ. ನಿನ್ನ... ಅಪ್ಪಾ, ನಿನ್ನ ಖಾಯಂ ಮಾಡವ್ರೆ!"

ಮುನಿಯಲ್ಲಮ್ಮ ದೇವರ ಪಟದ ಕಡೆ ತಿರುಗಿ ಕೈ ಮುಗಿದಳು. ಅವಳ ಕಣ್ಣಲ್ಲಿ ನೀರು. ಕದಿರೇಶ ಮೆಲ್ಲಗೆ ಕೇಳಿದ:

"ಹಂಗಾದ್ರೆ ಇನ್ ಮೇಲೆ ಶನಿವಾರಾನೂ ಡಬ್ಬಿ ಕಟ್ತೀಯೇನೇ?"