ಸೀಸದಂಗಿ ಯಾರ ಮೈಮೇಲೆ

‘ಏನೂ ಆಗಲ್ಲ ಬಿಡಮ್ಮ’ ಅನ್ನುವವರನ್ನು ನಾನು ನಂಬುವುದಿಲ್ಲ. ಈ ಗುಣ ಹುಟ್ಟಿನಿಂದ ಬಂದದ್ದಲ್ಲ, ಶಿರಾದ ಎಕ್ಸ್‌ರೇ ಕೋಣೆಯಲ್ಲಿ ಅಂಟಿಕೊಂಡದ್ದು.

ಇನ್ನೂ ಮಹಾರಾಜರ ಕಾಲ. ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಆಯಾ. ಡಾಕ್ಟರು ಎಕ್ಸ್‌ರೇ ಯಂತ್ರ ತರಿಸಿ, ಅದರ ಕರೆಂಟಿಗೆಂದು ಹಿತ್ತಲಲ್ಲಿ ಆಯಿಲ್ ಎಂಜಿನ್ ಹೂಡಿಸಿ, ಬೆಂಗಳೂರಿನಿಂದ ಒಬ್ಬ ಆಪರೇಟರನ್ನು ಕರೆಸಿದ್ದರು. ಗೋಷಾ ಹೆಂಗಸರಿರಲಿ, ಕಳ್ಳಂಬೆಳ್ಳದ ಕಡೆಯ ನಮ್ಮ ಒಕ್ಕಲು ಹೆಂಗಸರಿರಲಿ, ಪರಗಂಡಸಿನ ಜೊತೆ ಕತ್ತಲೆ ಕೋಣೆಗೆ ಒಬ್ಬರೇ ಹೋಗುತ್ತಿರಲಿಲ್ಲ. ಹಾಗಾಗಿ ಪ್ರತಿಯೊಬ್ಬಳ ಜೊತೆಗೂ ನಾನು ಒಳಗೆ ಹೋಗಿ, ಅಲುಗಾಡದಂತೆ ಹಿಡಿದುಕೊಳ್ಳಬೇಕಿತ್ತು.

ಆಪರೇಟರ್ ಗುಂಡಿ ಒತ್ತುವ ಮುಂಚೆ ಗೂಟದಲ್ಲಿದ್ದ ಸೀಸದಂಗಿ ತೊಡುತ್ತಿದ್ದ. ಕಂಬಳಿಗಿಂತ ಭಾರ, ಕುತ್ತಿಗೆಯಿಂದ ಮೊಣಕಾಲಿನವರೆಗೆ. ಇದ್ದದ್ದು ಅದೊಂದೇ. ಡಾಕ್ಟರಂತೂ ಗೋಡೆಯ ಆಚೆಗೇ ನಿಲ್ಲುತ್ತಿದ್ದರು.

“ಅದ್ಯಾಕ್ ಸ್ವಾಮಿ ಆ ಅಂಗಿ?” ಅಂತ ಒಮ್ಮೆ ಆಪರೇಟರನ್ನು ಕೇಳಿದೆ.

“ಅದು ಆಪರೇಟರ ಡ್ರೆಸ್ಸು ಕಣಮ್ಮ. ಬರೀ ಬೆಳಕು, ನಿನಗೇನಾಗುತ್ತೆ?”

ಬರೀ ಬೆಳಕಿಗೆ ಸೀಸ ಯಾಕೆ? ಅಂದಿನಿಂದ ನನಗೆ ಅನುಮಾನ. ಆ ಕೆಲಸಕ್ಕೆ ಸೇರಿದ ಮೇಲೆ ಎರಡು ಬಸಿರು ಇಳಿದುಹೋಗಿದ್ದವು. “ಯಾರ್ದೋ ಕೆಟ್ಟ ಕಣ್ಣು ಬಿದ್ಬುಟ್ಟಿದೆ” ಅಂದರು ಅತ್ತೆ. ನನಗೆ ಮಾತ್ರ ಆ ಯಂತ್ರದ ಗಾಜಿನ ಕಣ್ಣಿನ ಮೇಲೇ ಗುಮಾನಿ. ಮೂರನೆಯದು ನಿಂತಾಗ ಅತ್ತೆ ನನ್ನ ಸೊಂಟಕ್ಕೆ ತಾಯತ ಕಟ್ಟಿದರು. ನಾನು ಬೇರೆಯೇ ಲೆಕ್ಕ ಹಾಕಿದೆ.

ಮಾರನೆಯ ದಿನ ಕೈ ಮುರಿದುಕೊಂಡ ಹೆಂಗಸೊಬ್ಬಳು ಬಂದಳು. ಆಪರೇಟರ್ ಬರುವಷ್ಟರಲ್ಲಿ ಗೂಟದ ಅಂಗಿ ನನ್ನ ಮೈಮೇಲಿತ್ತು.

“ಅದು ನನ್ನದು, ತೆಗಿಯಮ್ಮ.”

“ಬರೀ ಬೆಳಕು ಅಂದ್ರಲ್ಲಾ. ಒತ್ತಿ ಸ್ವಾಮಿ.”

ಅವನು ಗುಂಡಿ ನೋಡಿದ, ನನ್ನನ್ನು ನೋಡಿದ. ಕೈ ಮುಂದೆ ಹೋಗಲಿಲ್ಲ. ಗೋಡೆಯಾಚೆಯಿಂದ ಡಾಕ್ಟರು ಯಾಕೆ ತಡ ಅಂತ ಕೂಗಿದರು.

“ಅಂಗಿ ಇಲ್ಲದೆ ನಾನು ಒತ್ತೋದಿಲ್ಲ ಸಾರ್,” ಅಂದ. “ನನಗೂ ಹೆಂಡ್ತಿ ಮಕ್ಕಳಿದ್ದಾರೆ.”

ನನ್ನ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಗೊತ್ತಿದ್ದೂ ನನ್ನನ್ನು ಸೀಸವಿಲ್ಲದೆ ನಿಲ್ಲಿಸಿದ್ದರು! “ಮಕ್ಕಳು ನಿಮಗೆ ಮಾತ್ರ ಬೇಕಾ?” ಅಂತ ಗೋಡೆಯಾಚೆಗೂ ಕೇಳುವಂತೆ ಕಿರುಚಿದೆ. ಆ ಹೆಂಗಸನ್ನು ಮೆಲ್ಲಗೆ ಎಬ್ಬಿಸಿಕೊಂಡು, ಅಂಗಿ ತೊಟ್ಟೇ ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಇನ್ನೊಂದು ಅಂಗಿ ತರಿಸುತ್ತೇನೆಂದು ಡಾಕ್ಟರು ಎಲ್ಲರೆದುರು ಒಪ್ಪುವವರೆಗೂ ಬಿಚ್ಚಲಿಲ್ಲ. ಅದು ಬರುವ ತನಕ ಎಕ್ಸ್‌ರೇ ಕೋಣೆಗೆ ಬೀಗ. ಬಂದ ಮೇಲೆ ಅದನ್ನು ತೊಡದೆ ನಾನು ಒಳಗೆ ಕಾಲಿಡಲಿಲ್ಲ.

ಮಗಳು ಹುಟ್ಟಿದಳು. ತಾಯತದ ಮಹಿಮೆ ಅಂತ ಅತ್ತೆ ಕೇರಿಗೆಲ್ಲ ಹೇಳಿಕೊಂಡು ಬಂದರು. ಆ ತಾಯತ ಇದ್ದದ್ದೂ ಸೀಸದಂಗಿಯ ಒಳಗೇ.